ಮಾರ್ಚ್‌ನ ಮುನಿಸು, ನವೆಂಬರ್‌ನ ಮತ

2008ರ ಮಾರ್ಚ್‌ನಲ್ಲಿ ಅಮೆರಿಕದ ಗ್ಯಾಲಪ್ ಸಂಸ್ಥೆ ಡೆಮಾಕ್ರಟಿಕ್ ಪಕ್ಷದ ಮತದಾರರನ್ನು ನೇರವಾಗಿ ಕೇಳಿತು: ನಿಮ್ಮ ಅಭ್ಯರ್ಥಿಗೆ ಟಿಕೆಟ್ ತಪ್ಪಿ ಎದುರು ಬಣದವರಿಗೆ ಸಿಕ್ಕರೆ, ಚುನಾವಣೆಯಲ್ಲಿ ಯಾರಿಗೆ ಮತ ಹಾಕುತ್ತೀರಿ? ಹಿಲರಿ ಕ್ಲಿಂಟನ್ ಬೆಂಬಲಿಗರಲ್ಲಿ ಶೇ 28 ಮಂದಿ, ಬರಾಕ್ ಒಬಾಮ ಅಭ್ಯರ್ಥಿಯಾದರೆ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್‌ಗೆ ಹಾಕುತ್ತೇವೆ ಎಂದರು. ಒಬಾಮ ಬೆಂಬಲಿಗರಲ್ಲೂ ಶೇ 19 ಮಂದಿ ಕ್ಲಿಂಟನ್ ಬಂದರೆ ಮೆಕೇನ್ ಕಡೆ ಹೋಗುವುದಾಗಿ ಹೇಳಿದರು. ಪಕ್ಷ ಇಬ್ಭಾಗವಾಯಿತು, ಇನ್ನು ಗೆಲುವು ಕನಸಿನ ಮಾತು ಎಂಬ ವಿಶ್ಲೇಷಣೆಗಳಿಗೆ ಆ ವಸಂತದಲ್ಲಿ ಬರವಿರಲಿಲ್ಲ.

ನವೆಂಬರ್ 4ರಂದು ಒಬಾಮ 365 ಎಲೆಕ್ಟೋರಲ್ ಮತ ಪಡೆದು ಗೆದ್ದರು. ಅಂದಿನ ಮತಗಟ್ಟೆ ಸಮೀಕ್ಷೆಯ ಪ್ರಕಾರ, ಕ್ಲಿಂಟನ್ ಬೇಕಿತ್ತು ಎಂದ ಡೆಮಾಕ್ರಟರಲ್ಲಿ ಹೆಚ್ಚುಕಡಿಮೆ ಆರರಲ್ಲಿ ಐವರು ಒಬಾಮಗೇ ಮತ ಹಾಕಿದ್ದರು. ಹಾಗಾದರೆ ಮಾರ್ಚ್‌ನ ಮುನಿಸು ಸುಳ್ಳೇ? ಅಷ್ಟು ಸುಲಭವಲ್ಲ. ಪ್ರೈಮರಿಯಿಂದ ನವೆಂಬರ್‌ವರೆಗೆ ಒಂದೇ ಗುಂಪಿನ ಜನರನ್ನು ಮತ್ತೆ ಮತ್ತೆ ಮಾತನಾಡಿಸಿದ ಇನ್ನೊಂದು ಅಧ್ಯಯನದಲ್ಲಿ, ಪ್ರೈಮರಿಯಲ್ಲಿ ಕ್ಲಿಂಟನ್‌ಗೆ ಮತ ಹಾಕಿದ್ದವರ ಪೈಕಿ ಕಾಲು ಭಾಗದಷ್ಟು ಜನ ಮೆಕೇನ್ ಕಡೆ ಹೋಗಿದ್ದು ಕಂಡಿತು. ಎರಡು ಲೆಕ್ಕಗಳೂ ಸರಿಯಿರಬಹುದು. ಮೊದಲನೆಯದು ತಮ್ಮನ್ನು ಡೆಮಾಕ್ರಟ್ ಎಂದು ಕರೆದುಕೊಂಡವರ ಲೆಕ್ಕ, ಎರಡನೆಯದು ಪ್ರೈಮರಿಗೆ ಬಂದು ಮತ ಹಾಕಿದ ಎಲ್ಲರ ಲೆಕ್ಕ. ಈ ಎರಡು ಗುಂಪುಗಳ ನಡುವಿನ ಅಂತರದಲ್ಲೇ ಪಕ್ಷದ ಒಳಜಗಳದ ಬಹುಪಾಲು ಗುಟ್ಟು ಅಡಗಿದೆ.

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ, ಮತದಾರರು. ಜನವರಿಯಿಂದ ಜೂನ್‌ವರೆಗೆ ರಾಜ್ಯ ರಾಜ್ಯಗಳಲ್ಲಿ ಪ್ರೈಮರಿ ಅಥವಾ ಕಾಕಸ್ (ಪಕ್ಷದ ಮತದಾರರ ಸಭೆ) ನಡೆಯುತ್ತವೆ, ಮತದ ಆಧಾರದ ಮೇಲೆ ಡೆಲಿಗೇಟ್‌ಗಳು ಹಂಚಿಕೆಯಾಗುತ್ತಾರೆ, ಬೇಸಿಗೆಯ ಸಮಾವೇಶದಲ್ಲಿ ಅವರು ಅಭ್ಯರ್ಥಿಯನ್ನು ಅಧಿಕೃತಗೊಳಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಅವಕಾಶ. ಇನ್ನು ಕೆಲವೆಡೆ ಯಾರು ಬೇಕಾದರೂ ಬರಬಹುದು. ಪ್ರೈಮರಿ ಮತದಾರ ಎಂದರೆ ಪಕ್ಷದವನೇ ಎಂದು ನಾವು ಭಾವಿಸಿಬಿಡುತ್ತೇವೆ, ಎಡವುವುದೇ ಅಲ್ಲಿ.

ಒಡಕು ಎಲ್ಲಿತ್ತು ಎಂಬುದನ್ನು ಆ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ಚಿತ್ರದಲ್ಲಿ ತೋರಿಸಿತು. ಅಂಕಿಅಂಶ ಶಾಸ್ತ್ರದಲ್ಲಿ ಅದನ್ನು ನಿರ್ಣಯ ವೃಕ್ಷ ಎನ್ನುತ್ತಾರೆ. ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ಅತಿ ಚೊಕ್ಕವಾಗಿ ಎರಡು ಪಾಲು ಮಾಡುವ ಪ್ರಶ್ನೆ ಯಾವುದು ಎಂದು ಲೆಕ್ಕ ಹಾಕಿ ಹುಡುಕುವುದು, ಉಳಿದ ಪಾಲನ್ನು ಇನ್ನೊಂದು ಪ್ರಶ್ನೆಯಿಂದ ಸೀಳುವುದು, ಹೀಗೆ ಮುಂದುವರಿಯುವುದು. ಮೊದಲ ಪ್ರಶ್ನೆ: ಕೌಂಟಿಯ ಜನಸಂಖ್ಯೆಯಲ್ಲಿ ಕಪ್ಪು ಜನರು ಶೇ 20ಕ್ಕಿಂತ ಹೆಚ್ಚಿದ್ದಾರೆಯೇ? ಹೌದಾದರೆ ಒಬಾಮ 383 ಕೌಂಟಿ ಗೆದ್ದಿದ್ದರು, ಕ್ಲಿಂಟನ್ 70. ಇಲ್ಲವಾದರೆ ಎರಡನೆಯ ಪ್ರಶ್ನೆ: ಅಲ್ಲಿ ಹೈಸ್ಕೂಲ್ ಮುಗಿಸಿದವರು ಶೇ 78 ದಾಟುತ್ತಾರೆಯೇ? ದಾಟದಿದ್ದರೆ ಕ್ಲಿಂಟನ್ 704, ಒಬಾಮ 89. ಎರಡೇ ಪ್ರಶ್ನೆಗಳಿಗೆ ಸಾವಿರಕ್ಕೂ ಹೆಚ್ಚು ಕೌಂಟಿಗಳ ಫಲಿತಾಂಶ ಹೆಚ್ಚುಕಡಿಮೆ ಬಿಡಿಸಿಕೊಂಡಿತು! ಆರೋಗ್ಯ ವಿಮೆ, ಇರಾಕ್ ಯುದ್ಧ ಎಂದು ಇಬ್ಬರೂ ವೇದಿಕೆಯ ಮೇಲೆ ಗಂಟೆಗಟ್ಟಲೆ ವಾದಿಸಿದ್ದಕ್ಕಿಂತ, ಮತದಾರ ಯಾವ ಊರಿನವನು ಎಂಬುದು ಹೆಚ್ಚು ಹೇಳುತ್ತಿತ್ತು.

ಆದರೆ ಈ ಚಿತ್ರವನ್ನು ಓದುವಾಗ ಎಚ್ಚರ ಬೇಕು. ಅದು ಹೇಳುವುದು ಕೌಂಟಿಗಳ ಬಗ್ಗೆ, ವ್ಯಕ್ತಿಗಳ ಬಗ್ಗೆ ಅಲ್ಲ. 1950ರಲ್ಲಿ ವಿಲಿಯಂ ರಾಬಿನ್ಸನ್ ಎಂಬ ಸಮಾಜವಿಜ್ಞಾನಿ 1930ರ ಅಮೆರಿಕದ ಜನಗಣತಿಯನ್ನು ಹಿಡಿದು ಇದನ್ನು ಮರೆಯಲಾಗದಂತೆ ತೋರಿಸಿದರು. ವಲಸಿಗರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆಯಿತ್ತು. ವಲಸಿಗರೇ ಹೆಚ್ಚು ಓದಿದವರು ಎನ್ನೋಣವೇ? ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಲೆಕ್ಕ ತಿರುಗುಮುರುಗು: ವಲಸಿಗರಲ್ಲೇ ಅನಕ್ಷರತೆ ಹೆಚ್ಚು. ಅವರು ಶಾಲೆಗಳು ಚೆನ್ನಾಗಿದ್ದ ರಾಜ್ಯಗಳಲ್ಲಿ ಹೋಗಿ ನೆಲೆಸಿದ್ದರು, ಅಷ್ಟೇ. ಚುನಾವಣೆ ಮುಗಿದ ರಾತ್ರಿ ಟಿವಿಯಲ್ಲಿ ನಕ್ಷೆ ತೋರಿಸುತ್ತಾ ‘ಈ ಭಾಗದ ಜನ ಹೀಗೆ ಯೋಚಿಸುತ್ತಾರೆ’ ಎಂದು ಹೇಳುವವರೆಲ್ಲ ರಾಬಿನ್ಸನ್‌ರ ಆ ಪುಟಗಳನ್ನು ಒಮ್ಮೆ ಓದಬೇಕು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಒಂದು ಮಾತನ್ನಂತೂ ಒಪ್ಪಲೇಬೇಕು, ನೀತಿಯ ಮಟ್ಟಿಗೆ ಒಬಾಮ ಮತ್ತು ಕ್ಲಿಂಟನ್ ನಡುವೆ ದೂರ ಕಡಿಮೆಯಿತ್ತು. ಎಲ್ಲರೂ ಆರೋಗ್ಯ ವಿಮೆ ಕೊಳ್ಳಲೇಬೇಕು ಎಂದು ಕ್ಲಿಂಟನ್, ಮಕ್ಕಳಿಗೆ ಮಾತ್ರ ಕಡ್ಡಾಯ ಸಾಕು ಎಂದು ಒಬಾಮ. 2002ರಲ್ಲಿ ಕ್ಲಿಂಟನ್ ಸೆನೆಟ್‌ನಲ್ಲಿ ಇರಾಕ್ ಯುದ್ಧದ ನಿರ್ಣಯದ ಪರ ಮತ ಹಾಕಿದ್ದರು, ಆಗಿನ್ನೂ ಸೆನೆಟ್ ಮೆಟ್ಟಿಲು ಹತ್ತದ ಒಬಾಮ ಷಿಕಾಗೊದ ಸಭೆಯೊಂದರಲ್ಲಿ ಆ ಯುದ್ಧವನ್ನು ವಿರೋಧಿಸಿದ್ದರು. ಉಳಿದಂತೆ ಇಬ್ಬರ ಪ್ರಣಾಳಿಕೆಗಳು ಅಕ್ಕಪಕ್ಕದಲ್ಲೇ ಇದ್ದವು. ಹಾಗಿದ್ದೂ ಇಷ್ಟೊಂದು ಕಹಿ ಏಕೆ?

ಬ್ರಿಸ್ಟಲ್ ನಗರದ ಶಾಲಾ ಹುಡುಗರ ಮೇಲೆ ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ನಡೆಸಿ 1970ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಹದಿನಾಲ್ಕು–ಹದಿನೈದರ ಹುಡುಗರಿಗೆ ಪಾಲ್ ಕ್ಲೇ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು, ಯಾವುದು ಯಾರದೆಂದು ಹೇಳದೆ, ತೋರಿಸಿ ಇಷ್ಟವಾದದ್ದನ್ನು ಆರಿಸಲು ಹೇಳಿದರು. ಆಮೇಲೆ ‘ನೀನು ಕ್ಲೇ ಗುಂಪು’, ‘ನೀನು ಕ್ಯಾಂಡಿನ್‌ಸ್ಕಿ ಗುಂಪು’ ಎಂದು ಒಬ್ಬೊಬ್ಬರಿಗೂ ಗುಟ್ಟಾಗಿ ತಿಳಿಸಿದರು. ನಿಜದಲ್ಲಿ ಗುಂಪು ಮಾಡಿದ್ದು ಚೀಟಿ ಎತ್ತಿದಂತೆ ಮನಬಂದ ಹಾಗೆ. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆ ಎಂಬುದೂ ಹುಡುಗನಿಗೆ ತಿಳಿಯದು.

ನಂತರ ಪ್ರತಿ ಹುಡುಗನ ಕೈಗೆ ಅಂಕಿಗಳಿದ್ದ ಹಾಳೆಗಳು ಬಂದವು. ಮೇಲಿನ ಅಂಕಿ ಅವನ ಗುಂಪಿನ ಅನಾಮಿಕ ಹುಡುಗನೊಬ್ಬನಿಗೆ ಸಿಗುವ ಹಣ, ಕೆಳಗಿನದು ಎದುರು ಗುಂಪಿನ ಹುಡುಗನಿಗೆ. ಆರಿಸುವವನಿಗೆ ಸ್ವಂತಕ್ಕೆ ಏನೂ ಇಲ್ಲ. ಅಂಥ ಒಂದು ಹಾಳೆಯ ಒಂದು ತುದಿಯಲ್ಲಿ 7 ಮತ್ತು 1, ನಡುವೆ 13 ಮತ್ತು 13, ಇನ್ನೊಂದು ತುದಿಯಲ್ಲಿ 19 ಮತ್ತು 25. ತನ್ನವರಿಗೆ ಹೆಚ್ಚು ಸಿಗಲಿ ಎಂದಿದ್ದರೆ 19ನ್ನು ಆರಿಸಬೇಕಿತ್ತು, ನ್ಯಾಯ ಬೇಕೆಂದಿದ್ದರೆ 13. ಹುಡುಗರ ಪೆನ್ಸಿಲ್ ವಾಲಿದ್ದು ನಡುವಿಗಿಂತ ಈಚೆಗೆ, ತನ್ನವರಿಗೆ ಕಡಿಮೆಯಾದರೂ ಸರಿ, ಎದುರಿನವರಿಗಿಂತ ಒಂದಿಷ್ಟು ಮೇಲಿರಬೇಕು ಎನ್ನುವ ಕಡೆಗೆ. ಇಬ್ಬರು ಚಿತ್ರಗಾರರ ಹೆಸರು ಹಚ್ಚಿದ್ದಕ್ಕೇ ಇಷ್ಟಾದರೆ, ಆರು ತಿಂಗಳು ಮನೆ ಮನೆ ತಿರುಗಿ, ಹಣ ಕೊಟ್ಟು, ಅಂಗಳದಲ್ಲಿ ಫಲಕ ನೆಟ್ಟ ಮನುಷ್ಯರಿಗೆ ಎದುರು ಬಣದ ಗೆಲುವು ಎಷ್ಟು ಉರಿಸಬಹುದು ಯೋಚಿಸಿ. ಆ ಉರಿಯಲ್ಲಿರುವಾಗ ಫೋನ್ ಮಾಡಿ ‘ನವೆಂಬರ್‌ನಲ್ಲಿ ಯಾರಿಗೆ?’ ಎಂದು ಕೇಳಿದರೆ ಬರುವ ಉತ್ತರ ಭವಿಷ್ಯ ನುಡಿಯುವುದಿಲ್ಲ, ಅಂದಿನ ಜ್ವರವನ್ನು ಅಳೆದು ಕೊಡುತ್ತದೆ.

ರಾಜ್ಯಶಾಸ್ತ್ರಜ್ಞರಾದ ಆಂಡ್ರ್ಯೂ ಗೆಲ್ಮನ್ ಮತ್ತು ಗ್ಯಾರಿ ಕಿಂಗ್ 1993ರಲ್ಲೇ ಈ ಒಗಟನ್ನು ಎತ್ತಿಕೊಂಡಿದ್ದರು. ಪ್ರಚಾರ ಕಾಲದ ಸಮೀಕ್ಷೆಗಳು ಅಷ್ಟು ಹೊಯ್ದಾಡುತ್ತವೆ, ಕೊನೆಯ ಮತ ಮಾತ್ರ ಮೊದಲೇ ಊಹಿಸಬಹುದಾದ ಜಾಗಕ್ಕೇ ಬಂದು ನಿಲ್ಲುತ್ತದೆ, ಏಕೆ? ಚುನಾವಣೆ ಹತ್ತಿರವಾದಂತೆ ಮತದಾರ ತನ್ನ ಪಕ್ಷ, ದೇಶದ ಆರ್ಥಿಕ ಸ್ಥಿತಿ, ತಾನು ನಂಬಿದ ನೀತಿ ಇವನ್ನೆಲ್ಲ ತೂಗಿ ನೋಡುತ್ತಾನೆ, ಪ್ರಚಾರ ಅವನಿಗೆ ಆ ಮಾಹಿತಿ ಒದಗಿಸುತ್ತದೆ ಎಂಬುದು ಅವರ ವಿವರಣೆ. 2008ರಲ್ಲಿ ಜೂನ್ 7ರಂದು ಕ್ಲಿಂಟನ್ ಕಣದಿಂದ ಸರಿದು ಒಬಾಮರನ್ನು ಬೆಂಬಲಿಸಿದರು. ಆಗಸ್ಟ್‌ನಲ್ಲಿ ಡೆನ್ವರ್ ಸಮಾವೇಶದ ಮತ ಎಣಿಕೆಯನ್ನು ನಡುವೆಯೇ ನಿಲ್ಲಿಸಿ, ಒಬಾಮರನ್ನು ಒಕ್ಕೊರಲಿನಿಂದ ಆರಿಸೋಣ ಎಂದು ಸೂಚಿಸಿದವರೂ ಅವರೇ. ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಕುಸಿಯಿತು. ಮಾರ್ಚ್‌ನ ಜಗಳಕ್ಕಿಂತ ದೊಡ್ಡದೊಂದು ಎದುರಿಗೆ ಬಂದು ನಿಂತಿತ್ತು.

ಹಾಗಾದರೆ ಮರಳಿ ಬಾರದವರು ಯಾರು? ಸೋತ ಅಭ್ಯರ್ಥಿಗಳ ಬೆಂಬಲಿಗರನ್ನೇ ಬೆನ್ನುಹತ್ತಿ ರಾಜ್ಯಶಾಸ್ತ್ರಜ್ಞೆ ಸನ್‌ಶೈನ್ ಹಿಲಿಗಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ, ಅವರನ್ನು ದೂರ ಒಯ್ದದ್ದು ಬರೀ ಸೋಲಿನ ಸಿಟ್ಟಲ್ಲ, ನೀತಿಯ ಭಿನ್ನಾಭಿಪ್ರಾಯ ಎನ್ನುತ್ತದೆ. ವೆಸ್ಟ್ ವರ್ಜೀನಿಯಾ ಇದಕ್ಕೆ ಕಣ್ಣಿಗೆ ಹೊಡೆಯುವ ಸಾಕ್ಷಿ. ಮೇ 13ರ ಪ್ರೈಮರಿಯಲ್ಲಿ ಕ್ಲಿಂಟನ್ ಅಲ್ಲಿ ಶೇ 67 ಮತ ಪಡೆದರು, ಒಬಾಮ ಶೇ 26. ಅಲ್ಲಿನ ಬಹುಪಾಲು ಮತದಾರರು ದಾಖಲೆಯಲ್ಲಿ ಡೆಮಾಕ್ರಟರು. ತಾತ–ತಂದೆಯ ಕಾಲದಿಂದ, ಕಲ್ಲಿದ್ದಲು ಗಣಿಯ ಕಾರ್ಮಿಕ ಸಂಘದ ದಿನಗಳಿಂದ ಬಂದ ನೋಂದಣಿ ಅದು. ಆದರೆ ಅಧ್ಯಕ್ಷ ಚುನಾವಣೆಯಲ್ಲಿ 2000 ಮತ್ತು 2004ರಲ್ಲೇ ಆ ರಾಜ್ಯ ರಿಪಬ್ಲಿಕನ್ ಪಾಲಾಗಿತ್ತು. 2012ರಲ್ಲಿ ಒಬಾಮ ಹಾಲಿ ಅಧ್ಯಕ್ಷರಾಗಿದ್ದಾಗಲೂ ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಟೆಕ್ಸಸ್‌ನ ಜೈಲಿನಲ್ಲಿದ್ದ ಕೈದಿಯೊಬ್ಬ ಅವರೆದುರು ಶೇ 41 ಮತ ಗಳಿಸಿದ. ಇಂಥ ಮತದಾರರನ್ನು ‘ಪ್ರೈಮರಿ ಜಗಳದಿಂದ ಮುನಿದು ಹೋದವರು’ ಎಂದು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ. ಅವರು ಎಂದೋ ಹೋಗಿಯಾಗಿತ್ತು, ನೋಂದಣಿ ಪುಸ್ತಕದಲ್ಲಿ ಹೆಸರು ಉಳಿದಿತ್ತು.

2016ರಲ್ಲೂ ಇದೇ ಕಂಡಿತು. ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ, ಅವರು ನಿಜಕ್ಕೂ ಮತ ಹಾಕಿದರೇ ಎಂದು ಸರ್ಕಾರಿ ದಾಖಲೆಗಳೊಂದಿಗೆ ತಾಳೆ ನೋಡಿದ ಸಮೀಕ್ಷೆಯೊಂದರಲ್ಲಿ, ಪ್ರೈಮರಿಯಲ್ಲಿ ಕ್ಲಿಂಟನ್ ಎದುರು ಸೋತ ಬರ್ನಿ ಸ್ಯಾಂಡರ್ಸ್‌ಗೆ ಮತ ಹಾಕಿದವರ ಪೈಕಿ ಸುಮಾರು ಶೇ 12 ಮಂದಿ ನವೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್‌ಗೆ ಹಾಕಿದ್ದು ಗೊತ್ತಾಯಿತು. ಅವರಲ್ಲಿ ಪಕ್ಷದ ಗಟ್ಟಿ ಬೆಂಬಲಿಗರು ಕಡಿಮೆ, ಒಬಾಮ ಆಡಳಿತವನ್ನೂ ಮೆಚ್ಚದಿದ್ದವರು ಬಹಳ. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಕ್ಲಿಂಟನ್ ಸೋತದ್ದು ಸುಮಾರು 78 ಸಾವಿರ ಮತಗಳಿಂದ, ಹಾಗಾಗಿ ಈ ಶೇ 12ರ ಮೇಲೆ ಎಲ್ಲ ದೋಷ ಹೊರಿಸುವುದು ಸುಲಭವಾಯಿತು. 2008ರಲ್ಲಿ ಆಚೆ ಹೋದವರ ಪ್ರಮಾಣ ಇದರ ಇಮ್ಮಡಿಯಷ್ಟಿತ್ತು, ಆದರೂ ಒಬಾಮ ನಿರಾಯಾಸವಾಗಿ ಗೆದ್ದರು ಎಂಬುದನ್ನು ಈ ಆರೋಪದ ಪಕ್ಕದಲ್ಲಿಟ್ಟು ನೋಡಬೇಕು.

ಒಡಕಿನಿಂದ ಸೋಲು ಬರುತ್ತದೆಯೇ ಎಂಬ ಪ್ರಶ್ನೆ ಇದಕ್ಕಿಂತ ಜಟಿಲ. ಇತಿಹಾಸ ನೋಡಿದರೆ ಹೌದೆನಿಸುತ್ತದೆ: 1976ರಲ್ಲಿ ಫೋರ್ಡ್ ವಿರುದ್ಧ ರೇಗನ್, 1980ರಲ್ಲಿ ಕಾರ್ಟರ್ ವಿರುದ್ಧ ಎಡ್ವರ್ಡ್ ಕೆನಡಿ, 1992ರಲ್ಲಿ ಹಿರಿಯ ಬುಷ್ ವಿರುದ್ಧ ಬ್ಯುಕ್ಯಾನನ್. ಮೂವರೂ ಹಾಲಿ ಅಧ್ಯಕ್ಷರು, ಪಕ್ಷದೊಳಗಿನ ಸವಾಲನ್ನು ಗೆದ್ದು ನವೆಂಬರ್‌ನಲ್ಲಿ ಸೋತರು. ಆದರೆ ಬಲವಾಗಿರುವ ಅಧ್ಯಕ್ಷನನ್ನು ಸ್ವಂತ ಪಕ್ಷದಲ್ಲಿ ಯಾರು ಕೆಣಕುತ್ತಾರೆ? ಅಧ್ಯಕ್ಷ ಮೊದಲೇ ದುರ್ಬಲನಾಗಿರುವುದೇ ಸವಾಲಿಗೂ ಸೋಲಿಗೂ ಕಾರಣವಾಗಿದ್ದಿರಬಹುದು. ರಾಜ್ಯಶಾಸ್ತ್ರಜ್ಞೆ ಲೋನಾ ಆಟ್ಕೆಸನ್ 1998ರಲ್ಲಿ ಈ ದೌರ್ಬಲ್ಯವನ್ನೂ ಲೆಕ್ಕಕ್ಕೆ ಸೇರಿಸಿದಾಗ, ಪ್ರೈಮರಿ ಜಗಳದ ಪರಿಣಾಮ ಬಹುಪಾಲು ಕರಗಿಹೋಯಿತು.

ಕಾರಣವನ್ನು ಕಾಕತಾಳೀಯದಿಂದ ಬೇರ್ಪಡಿಸಲು ರಾಜ್ಯಶಾಸ್ತ್ರಜ್ಞ ಆಂಡ್ರ್ಯೂ ಹಾಲ್ ಮತ್ತು ಅವರ ಸಹೋದ್ಯೋಗಿ ಒಂದು ಜಾಣ ದಾರಿ ಹುಡುಕಿದರು. ದಕ್ಷಿಣದ ಹಲವು ರಾಜ್ಯಗಳಲ್ಲಿ ಸಂಸತ್ತಿನ ಪ್ರೈಮರಿಯಲ್ಲಿ ಯಾರಿಗೂ ಅರ್ಧ ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಎರಡನೆಯ ಸುತ್ತು ನಡೆಯುತ್ತದೆ. ಶೇ 50.5 ಪಡೆದವನಿಗೆ ಅಲ್ಲಿಗೇ ಗೆಲುವು, ಶೇ 49.5 ಪಡೆದವನಿಗೆ ಇನ್ನಷ್ಟು ವಾರಗಳ ಒಳಜಗಳ. ಇಬ್ಬರೂ ಉಳಿದೆಲ್ಲದರಲ್ಲಿ ಒಂದೇ, ವ್ಯತ್ಯಾಸ ಹೆಚ್ಚುಕಡಿಮೆ ಅದೃಷ್ಟದ್ದು. ಇಂಥ ಕ್ಷೇತ್ರಗಳನ್ನು ಎದುರುಬದುರು ಇಟ್ಟಾಗ, ಎರಡನೆಯ ಸುತ್ತಿಗೆ ಹೋದ ಪಕ್ಷಕ್ಕೆ ಮುಂದಿನ ಚುನಾವಣೆಯಲ್ಲಿ ನಿಜವಾಗಿಯೂ ಪೆಟ್ಟು ಬಿದ್ದದ್ದು ಕಂಡಿತು. ಜನರ ಕಣ್ಣು ಅಷ್ಟಾಗಿ ಬೀಳದ ರಾಜ್ಯ ಶಾಸನಸಭೆಗಳ ಮಟ್ಟದಲ್ಲಿ ಮಾತ್ರ ಅಂಥ ನಷ್ಟ ಕಾಣಲಿಲ್ಲ. ಆದರೆ ಅಧ್ಯಕ್ಷ ಸ್ಥಾನದ ದೀರ್ಘ ಸ್ಪರ್ಧೆಗೆ ಇನ್ನೊಂದು ಮುಖವಿದೆ. 2008ರ ಜಗಳ ಮೇ ತಿಂಗಳವರೆಗೂ ಎಳೆದಿದ್ದರಿಂದ ಇಂಡಿಯಾನಾ ಮತ್ತು ನಾರ್ತ್ ಕೆರೊಲಿನಾದಲ್ಲಿ ಇಬ್ಬರೂ ಕಚೇರಿ ತೆರೆದು ಮತದಾರರನ್ನು ಹುಡುಕಿ ನೋಂದಾಯಿಸಬೇಕಾಯಿತು. ನವೆಂಬರ್‌ನಲ್ಲಿ ಎರಡೂ ರಾಜ್ಯ ಒಬಾಮಗೆ ಕೂದಲೆಳೆಯಲ್ಲಿ ಒಲಿದವು. ಇಂಡಿಯಾನಾ ಡೆಮಾಕ್ರಟ್ ಒಬ್ಬರನ್ನು ಆರಿಸಿದ್ದು 1964ರ ನಂತರ ಅದೇ ಮೊದಲು.

ಮತದಾರರು ಹಂಚಿಹೋದಾಗ ನಿಯಮವೇ ಗೆಲ್ಲುವವನನ್ನು ಆರಿಸುವುದೂ ಉಂಟು. 2016ರಲ್ಲಿ ರಿಪಬ್ಲಿಕನ್ ಪಕ್ಷದ ಸೌತ್ ಕೆರೊಲಿನಾ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಂದದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ ಮತ. ಎದುರಾಳಿಗಳಾದ ರುಬಿಯೊ, ಕ್ರೂಜ್ ತಲಾ ಶೇ 22ರ ಆಸುಪಾಸು ಪಡೆದರು. ಡೆಲಿಗೇಟ್‌ಗಳು ಮಾತ್ರ 50ಕ್ಕೆ 50 ಟ್ರಂಪ್ ಪಾಲು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಡೆಟ್ರಾಯಿಟ್‌ನಿಂದ ಸಂಸತ್ತಿಗೆ ಹೋಗಲು ದಾರಿ ಮಾಡಿಕೊಟ್ಟ ಪ್ರೈಮರಿಯಲ್ಲೂ ಒಂಬತ್ತು ಮಂದಿ ಕಣದಲ್ಲಿದ್ದರು, ಅವರು ಗೆದ್ದದ್ದು ಸುಮಾರು ಶೇ 28 ಮತದಿಂದ. ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್ ರಾಜ್ಯಗಳ ಡೆಮಾಕ್ರಟರು 2020ರಲ್ಲಿ ಬೇರೆ ದಾರಿ ಹಿಡಿದರು: ಮತದಾರ ಅಭ್ಯರ್ಥಿಗಳನ್ನು ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ಕ್ರಮವಾಗಿ ಗುರುತಿಸುತ್ತಾನೆ, ಹಿಂದೆ ಬಿದ್ದವರ ಮತ ಮುಂದಿನ ಆಯ್ಕೆಗೆ ವರ್ಗವಾಗುತ್ತದೆ.

ಸೋತವರು ಸೋಲನ್ನು ಒಪ್ಪುವುದು ಯಾವಾಗ ಎಂದು ಹಲವು ದೇಶಗಳ ದತ್ತಾಂಶ ಹಿಡಿದು ಕ್ರಿಸ್ಟೋಫರ್ ಆಂಡರ್ಸನ್, ಆಂದ್ರೆ ಬ್ಲೇ ಮೊದಲಾದವರು 2005ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪ್ರಜಾಪ್ರಭುತ್ವ ನಿಂತಿರುವುದು ಗೆದ್ದವರ ಸಂಭ್ರಮದ ಮೇಲಲ್ಲ, ಸೋತವರ ಸಮ್ಮತಿಯ ಮೇಲೆ ಎಂಬುದು ಅವರ ವಾದ, ನನ್ನ ನಂಬಿಕೆಯೂ ಹೌದು. ಆಟ ನ್ಯಾಯವಾಗಿ ನಡೆಯಿತು ಎಂದು ಅನ್ನಿಸಿದರೆ ಜ್ವರ ಬೇಗ ಇಳಿಯುತ್ತದೆ. 2016ರಲ್ಲಿ ಸ್ಯಾಂಡರ್ಸ್ ಬೆಂಬಲಿಗರನ್ನು ಎಲ್ಲಕ್ಕಿಂತ ಕೆರಳಿಸಿದ್ದರಲ್ಲಿ ಸೂಪರ್‌ಡೆಲಿಗೇಟ್‌ಗಳೂ ಇದ್ದರು: ಯಾವ ಮತದಾರನಿಗೂ ಬದ್ಧರಲ್ಲದೆ ತಮಗಿಷ್ಟ ಬಂದವರನ್ನು ಬೆಂಬಲಿಸಬಹುದಾದ ಪಕ್ಷದ ಮುಖಂಡರು. 2018ರ ಆಗಸ್ಟ್‌ನಲ್ಲಿ ಪಕ್ಷ ನಿಯಮ ಬದಲಿಸಿ, ಪೈಪೋಟಿಯಿರುವ ಸಮಾವೇಶದ ಮೊದಲ ಸುತ್ತಿನಲ್ಲಿ ಅವರ ಮತಾಧಿಕಾರ ಕಿತ್ತುಕೊಂಡಿತು. ಆ ನಿಯಮದ ಕೆಳಗೆ ನಡೆದ ಮೊದಲ ಸ್ಪರ್ಧೆ 2020ರದು. 2016ರಲ್ಲಿ ಕ್ಲಿಂಟನ್‌ರನ್ನು ಬೆಂಬಲಿಸಲು ಜುಲೈ 12ರವರೆಗೆ ಕಾದಿದ್ದ ಸ್ಯಾಂಡರ್ಸ್, ಈ ಸಲ ಏಪ್ರಿಲ್ 8ರಂದು ಕಣದಿಂದ ಸರಿದು 13ರಂದು ಜೋ ಬೈಡನ್‌ಗೆ ಬೆಂಬಲ ಘೋಷಿಸಿದರು. ಹವಾಮಾನ, ಆರೋಗ್ಯ, ಶಿಕ್ಷಣ, ವಲಸೆ, ಆರ್ಥಿಕತೆ, ಅಪರಾಧ ನ್ಯಾಯ ಎಂಬ ಆರು ವಿಷಯಗಳ ಮೇಲೆ ಎರಡೂ ಬಣದವರನ್ನು ಸೇರಿಸಿದ ತಂಡಗಳು ಮೇ ತಿಂಗಳಲ್ಲೇ ಪ್ರಣಾಳಿಕೆಯ ಕೆಲಸಕ್ಕೆ ಕುಳಿತವು.