ಮುಕ್ತ ತಂತ್ರಾಂಶದ ಬಳಗ

ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಸಮೂಹವೇ ತಂತ್ರಾಂಶ. ಅದನ್ನು ಇಚ್ಛೆಯಂತೆ ಬಳಸಲು, ಅದರ ರಚನೆಯನ್ನು ಓದಿ ತಿದ್ದಲು, ಮೂಲ ಪ್ರತಿಯನ್ನೂ ತಿದ್ದಿದ ಪ್ರತಿಯನ್ನೂ ಹಂಚಲು ಸರ್ವರಿಗೂ ಅಧಿಕಾರವಿದ್ದರೆ ಅದು ಮುಕ್ತ ತಂತ್ರಾಂಶವೆನಿಸುವುದು. ಇಂತಹುದನ್ನು ನಿರ್ಮಿಸುವ ಗ್ನೂ ಯೋಜನೆಯನ್ನು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸರು ಲಿನಕ್ಸನ್ನು ಹೊರತಂದರು.

ಅಧಿಕಾರವೊಂದಿದ್ದರೆ ಸಾಲದು, ಅದನ್ನು ಬಳಸುವ ಬಗೆಯನ್ನು ಹೇಳಿಕೊಡುವವರೂ ಬೇಕು. ಅದಕ್ಕಾಗಿಯೇ ಊರೂರುಗಳಲ್ಲಿ ಲಿನಕ್ಸ್ ಬಳಕೆದಾರರ ಬಳಗಗಳು ಹುಟ್ಟಿದವು. ನಮ್ಮ ದೇಶದಲ್ಲಿಯೂ ಚೆನ್ನೈ, ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಇಂತಹವು ಕೂಡಿಬಂದವು.

ಬಳಗವನ್ನು ಕಟ್ಟಲು ಹೆಚ್ಚಿನ ಹಣ ಬೇಡ. ಆಸಕ್ತರಾದ ನಾಲ್ಕು ಮಂದಿ, ಒಂದು ಕೊಠಡಿ, ತಿಂಗಳಿಗೊಂದು ಗೊತ್ತಾದ ದಿನ, ಇಷ್ಟು ಸಾಕು. ಇಬ್ಬರೇ ಬಂದರೂ ಆ ದಿನ ತಪ್ಪಬಾರದು. ಆಗಾಗ ಹೊಸಬರ ಯಂತ್ರಗಳಲ್ಲಿ ಲಿನಕ್ಸನ್ನು ಅಳವಡಿಸಿಕೊಡುವ ಮೇಳವನ್ನು ನಡೆಸಬೇಕು. ಸಣ್ಣ ಪ್ರಶ್ನೆ ಕೇಳಿದವನನ್ನು ಹೀಯಾಳಿಸಬಾರದು. ಇಂದು ಕೇಳಿದವನೇ ನಾಳೆ ಹೇಳಿಕೊಡತಕ್ಕವನು.

ಕಟ್ಟುವುದಕ್ಕಿಂತ ಉಳಿಸುವುದು ಕಷ್ಟ. ಒಬ್ಬನೇ ಹೊತ್ತ ಬಳಗವು ಅವನು ಊರು ಬಿಟ್ಟೊಡನೆ ಕರಗಿಹೋಗುವುದು. ಆದುದರಿಂದ ಸಭೆ ನಡೆಸುವ ಹೊಣೆ ಸರದಿಯಂತೆ ಕೈಯಿಂದ ಕೈಗೆ ಸಾಗಬೇಕು, ಕಲಿತುದನ್ನು ಬರೆದಿಡಬೇಕು.

ಹೊರನಾಡಿನ ಕನ್ನಡ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ವಿಶೇಷ ಹಿತವಿದೆ. ಗಣಕದ ಪರದೆಯ ಮೇಲೆ ಕನ್ನಡ ಮೂಡಬೇಕಾದರೆ ಅಲ್ಲಿನ ಮಾತುಗಳನ್ನು ಯಾರಾದರೂ ಅನುವಾದಿಸಬೇಕು. ತಂತ್ರಾಂಶವು ಒಡೆಯನೊಬ್ಬನದಾದರೆ ಅವನ ಮನಸ್ಸು ಬರುವವರೆಗೂ ಕಾಯಬೇಕು. ಮುಕ್ತವಾದುದಕ್ಕೆ ನಾವೇ ಕೈಹಚ್ಚಬಹುದು. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳಿಗೆ ಕನ್ನಡ ಬಂದುದು ಸ್ವಯಂಸೇವಕರ ಇಂತಹ ದುಡಿಮೆಯಿಂದ. ಇನ್ನೂ ಅನುವಾದವಾಗದ ಮಾತುಗಳು ಬಹಳವಿವೆ. ಹನಿಗೂಡಿದರೆ ಹಳ್ಳವಲ್ಲವೆ? ನಮ್ಮ ಶಾಲೆಯಲ್ಲಿಯೂ ಇಂತಹದೊಂದು ಬಳಗ ಏಳಲಿ.