ಕೆರೆಯ ನೀರು, ಕೆರೆಯ ಮಣ್ಣು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವರ್ಷಕ್ಕೆ ಬೀಳುವ ಮಳೆಯೂ ಸುಮಾರು 700 ಮಿಲಿಮೀಟರು ಮಾತ್ರ. ಆದರೂ ಅಲ್ಲಿಯ ಸಣ್ಣ ರೈತರು ತಲೆಮಾರುಗಳಿಂದ ಹೊಲದಲ್ಲಿ ರಾಗಿಯನ್ನೂ ಗದ್ದೆಯಲ್ಲಿ ಬತ್ತವನ್ನೂ ಬೆಳೆದು ಬಾಳಿದ್ದಾರೆ. ಇದಕ್ಕೆ ಆಧಾರವಾದುವು ಹಿರಿಯರು ಕಟ್ಟಿದ ಸಾವಿರಾರು ಕೆರೆಗಳು. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಅವುಗಳ ಬೆಲೆ ಏಕೆ ಹೆಚ್ಚಿದೆಯೆಂಬುದನ್ನು ವಿಚಾರ ಮಾಡೋಣ.

ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಭೂಮಿಯ ಸರಾಸರಿ ಉಷ್ಣತೆಯಾದರೋ 1850–1900ರ ಕಾಲಕ್ಕಿಂತ ಈಗಾಗಲೇ 1 ಡಿಗ್ರಿಗೂ ಮೀರಿ ಏರಿದೆ. ಇದರಿಂದ ಬಿರುಮಳೆ ಇನ್ನಷ್ಟು ಬಿರುಸಾಗುತ್ತದೆ. ಮಳೆಯಿಲ್ಲದ ದಿನಗಳಲ್ಲಿ ನೆಲವೂ ಬೇಗ ಒಣಗುತ್ತದೆ. ವರ್ಷದ ಒಟ್ಟು ಮಳೆ ಕಡಿಮೆಯಾಗದಿದ್ದರೂ ಪೈರು ಬಾಡಬಹುದು.

ಒಂದು ಲೆಕ್ಕವನ್ನು ನೋಡೋಣ. ಒಂದು ಎಕರೆಯ ಮೇಲೆ 50 ಮಿಲಿಮೀಟರು ಮಳೆಯಾದರೆ ಬಿದ್ದ ನೀರು ಸುಮಾರು 2 ಲಕ್ಷ ಲೀಟರು. ಅದು ಒಂದೇ ರಾತ್ರಿ ಸುರಿದರೆ ನೆಲ ಅಷ್ಟನ್ನೂ ಕುಡಿಯಲಾರದು. ಮಿಕ್ಕುದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹರಿಯುತ್ತದೆ. ಕೆರೆಯ ಏರಿ ಅದನ್ನು ತಡೆದು ನಿಲ್ಲಿಸುತ್ತದೆ. ಕೆರೆ ತುಂಬಿದರೆ ಕೋಡಿ ಬಿದ್ದು, ಹೆಚ್ಚಿನ ನೀರು ಕೆಳಗಿನ ಕೆರೆಗೆ ಸಾಗುತ್ತದೆ. ನಿಂತ ನೀರು ತೂಬಿನ ಮೂಲಕ ಗದ್ದೆಗೂ, ನೆಲದಲ್ಲಿ ಇಂಗಿ ಬಾವಿಗಳಿಗೂ ಒದಗುತ್ತದೆ.

ಕೊಚ್ಚಿ ಬಂದ ಮಣ್ಣು ಕೆರೆಯ ತಳದಲ್ಲಿ ಹೂಳಾಗಿ ನಿಲ್ಲುತ್ತದೆ. ರೈತರು ಇದನ್ನು ಗೋಡು ಎಂದು ಕರೆದು, ಬೇಸಗೆಯಲ್ಲಿ ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಇದರಲ್ಲಿ ಜೇಡಿಮಣ್ಣಿನ ಅತಿ ಸಣ್ಣ ಕಣಗಳಿವೆ. ಕಣ ಸಣ್ಣದಾದಷ್ಟೂ ಅವುಗಳ ಒಟ್ಟು ಮೇಲ್ಮೈ ಹೆಚ್ಚು. ಮೇಲ್ಮೈ ಹೆಚ್ಚಿದಷ್ಟೂ ಅದಕ್ಕೆ ಅಂಟಿ ನಿಲ್ಲುವ ನೀರು ಹೆಚ್ಚು. ಮರಳು ಹೆಚ್ಚಾಗಿರುವ ಕೆಂಪು ನೆಲಕ್ಕೆ ಇದನ್ನು ಬೆರೆಸಿದರೆ, ಎರಡು ಮಳೆಗಳ ನಡುವಣ ಬಿಡುವನ್ನು ರಾಗಿ ಇನ್ನೂ ಕೆಲವು ದಿನ ತಾಳಬಲ್ಲುದು. ಇತ್ತ ಕೆರೆಯೂ ಆಳವಾಗುತ್ತದೆ. ಉಪ್ಪಿನಂಶ ಹೆಚ್ಚಿರುವ ಹೂಳು ಮಾತ್ರ ಹೊಲಕ್ಕೆ ಕೇಡು. ಆದ್ದರಿಂದ ಮೊದಲು ಮಣ್ಣಿನ ಪರೀಕ್ಷೆ ಮಾಡಿಸುವುದು ಲೇಸು.

ಕೊಳವೆಬಾವಿಗಳು ಬಂದ ಮೇಲೆ ಕೆರೆಗಳ ಆರೈಕೆ ಹಿಂದೆ ಬಿದ್ದಿತು. ಈ ಜಿಲ್ಲೆಯಲ್ಲಿ 1,000 ಅಡಿಗೂ ಮೀರಿ ಕೊರೆದರೂ ನೀರು ದೊರೆಯದಿರುವುದುಂಟು. ಎರಡು ಎಕರೆಯ ರೈತನು ಸಾಲ ಮಾಡಿ ಕೊರೆಸಿದ ಬಾವಿ ಬತ್ತಿದರೆ ಅವನಿಗೆ ಉಳಿಯುವುದು ಸಾಲವೊಂದೇ. ಇಂಥವರು ಕೆಲವರಲ್ಲ, 2015–16ರ ಕೃಷಿ ಗಣತಿಯಂತೆ ಭಾರತದ ಹಿಡುವಳಿಗಳಲ್ಲಿ ಶೇಕಡ 86ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಕೊಳವೆಬಾವಿಯನ್ನು ಒಬ್ಬನೇ ಕೊರೆಸಬಹುದು. ಕೆರೆಯ ಹೂಳೆತ್ತುವುದಕ್ಕೆ, ಕಾಲುವೆಗಳನ್ನು ತೆರವಾಗಿಡುವುದಕ್ಕೆ ಊರೆಲ್ಲ ಕೂಡಬೇಕು. ಆ ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು. ಏಕೆಂದರೆ ಇನ್ನು ಮುಂದೆ ಬರುವ ಮಳೆ ನಮಗೆ ಹೆಚ್ಚು ಬಿಡುವನ್ನು ಕೊಡಲಾರದು.