ಮಾರಿಕುಪ್ಪಂನಿಂದ ಸುಪ್ರೀಂ ಕೋರ್ಟಿಗೆ

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಜನರ ಬಾಯಲ್ಲಿನ ಬಿಜಿಎಂಎಲ್, ಬಾಗಿಲು ಹಾಕಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ, 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡ, ಆಮೇಲೆ ಕೇಂದ್ರದ ಪಾಲಾದ ಕೋಲಾರದ ಚಿನ್ನದ ಗಣಿಗಾರಿಕೆ ಅಂದಿಗೆ ನಿಂತಿತು. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಗಣಿ ನಿಂತರೂ ಅವರ ವ್ಯಾಜ್ಯ ನಿಲ್ಲಲಿಲ್ಲ. ಇನ್ನೂ ಹನ್ನೆರಡು ವರ್ಷಕ್ಕೂ ಮಿಕ್ಕಿ ಅದು ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಹತ್ತುತ್ತಲೇ ಹೋಯಿತು.

ಕೋರ್ಟು ಹತ್ತಿರ ಇರಲಿಲ್ಲವೇ ಎಂದರೆ, ಇತ್ತು. ಗಣಿಗಳ ಊರಾದ ಕೆಜಿಎಫ್‌ನಲ್ಲೂ (ಕೋಲಾರ ಗೋಲ್ಡ್ ಫೀಲ್ಡ್ಸ್) ಪಕ್ಕದ ಬಂಗಾರಪೇಟೆಯಲ್ಲೂ ನ್ಯಾಯಾಲಯಗಳಿವೆ. ಜಮೀನಿನ ತಗಾದೆ, ಚೆಕ್ ಬೌನ್ಸ್, ಜೀವನಾಂಶ, ಹೊಡೆದಾಟದ ಕೇಸು ಎಲ್ಲವೂ ಅಲ್ಲೇ ನಡೆಯುತ್ತವೆ. ಆದರೆ ಗಣಿ ಕಾರ್ಮಿಕನ ಕೆಲಸದ ವ್ಯಾಜ್ಯಕ್ಕೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಗಣಿಗಳ ವಿಚಾರದಲ್ಲಿ ಅಧಿಕಾರ ಕೇಂದ್ರ ಸರ್ಕಾರದ್ದಾಗಿತ್ತು. ಹಾಗಾಗಿ ಅಲ್ಲಿನ ವಿವಾದ ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬೇಕಿತ್ತು. ಕಂಪನಿ ಉಳಿಯಬೇಕೋ ಮುಚ್ಚಬೇಕೋ ಎಂಬ ಪ್ರಶ್ನೆಯಂತೂ ದೆಹಲಿಯ ಬಿಐಎಫ್‌ಆರ್ ಎಂಬ ಮಂಡಳಿಯ ಮುಂದಿತ್ತು. ನಷ್ಟದಲ್ಲಿರುವ ಕಂಪನಿಗಳಿಗಾಗಿ 1985ರ ಕಾಯ್ದೆಯಡಿ ಹುಟ್ಟಿದ ಮಂಡಳಿ ಅದು. 1992ರಿಂದ ಬಿಜಿಎಂಎಲ್‌ನ ಕಡತ ಅಲ್ಲಿತ್ತು. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರ ಹಣೆಬರಹ, ಅವರು ಕಾಲಿಟ್ಟೇ ಇರದ ಕಚೇರಿಯಲ್ಲಿ ತೀರ್ಮಾನವಾಗುತ್ತಿತ್ತು.

2000ದಲ್ಲಿ ಬಿಐಎಫ್‌ಆರ್ ಕಂಪನಿಯನ್ನು ಮುಚ್ಚುವುದೇ ಸರಿ ಎಂದಿತು. 2001ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಅನುಮತಿಯೂ ಸಿಕ್ಕಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ನಂತರದ ವರ್ಷಗಳಲ್ಲಿ ಸರ್ಕಾರ ಜಾಗತಿಕ ಟೆಂಡರ್ ಕರೆಯಲು ಮುಂದಾದಾಗ, ಗಣಿಯನ್ನು ತಾವೇ ನಡೆಸುತ್ತೇವೆ ಎಂದು ಕಾರ್ಮಿಕರು ಪಟ್ಟು ಹಿಡಿದರು. ಸುಪ್ರೀಂ ಕೋರ್ಟ್ ಟೆಂಡರಿಗೆ ಒಪ್ಪಿಗೆ ಕೊಟ್ಟದ್ದು 2013ರ ಜುಲೈನಲ್ಲಿ. ಅಷ್ಟರಲ್ಲಿ ಗಣಿಯೊಳಗೆ ನೀರು ತುಂಬಿತ್ತು. ಮುಚ್ಚಿದಾಗ ನಲವತ್ತೈದು ದಾಟಿದ್ದವರು ನಿವೃತ್ತಿಯ ಅಂಚಿಗೆ ಬಂದಿದ್ದರು. ಅವರ ಮಕ್ಕಳು ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಕೆಲಸಗಳಿಗೆ ಹೋಗತೊಡಗಿದ್ದರು. ತೀರ್ಪಿನ ಸರಿತಪ್ಪು ಬೇರೆ ಮಾತು. ದುಡಿಯುವವನ ಆಯುಸ್ಸಿನ ಲೆಕ್ಕಕ್ಕೂ ಕೋರ್ಟಿನ ಲೆಕ್ಕಕ್ಕೂ ಹೊಂದಿಕೆಯೇ ಇಲ್ಲದಿರುವುದು ಅನ್ಯಾಯ. ಅದನ್ನು ಬರೀ ‘ವಿಳಂಬ’ ಎಂದು ಕರೆದು ಸುಮ್ಮನಾಗುವುದು ಸರಿಯಲ್ಲ.

ಇಲ್ಲಿ ಒಂದು ಸುಧಾರಣೆ ನಿಜಕ್ಕೂ ಆಗಿದೆ. 2016ರಲ್ಲಿ ದಿವಾಳಿ ಸಂಹಿತೆ ಬಂತು, ಬಿಐಎಫ್‌ಆರ್ ಇಲ್ಲವಾಯಿತು. ಇಂಥ ಪ್ರಕರಣಗಳನ್ನು ಈಗ ಕೇಳುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ಅದರ ಪೀಠ ಬೆಂಗಳೂರಿನಲ್ಲೇ ಇದೆ. ಕಂಪನಿಯನ್ನು ಸಮಾಪನಗೊಳಿಸಿದರೆ ಕಾರ್ಮಿಕರ 24 ತಿಂಗಳ ಬಾಕಿಗೆ, ಆಸ್ತಿ ಅಡವಿಟ್ಟುಕೊಂಡ ಬ್ಯಾಂಕುಗಳ ಸಾಲಕ್ಕಿರುವ ಸ್ಥಾನವೇ ಸಿಗುತ್ತದೆ. ಬಿಜಿಎಂಎಲ್‌ನವರಿಗೆ ಇದು ತಡವಾಗಿ ಬಂತು.

ಇದೇ ಊರಿನ ಇನ್ನೊಂದು ಮೊಕದ್ದಮೆ ದೇಶದ ಕಾನೂನನ್ನೇ ತಿದ್ದಿತು. ಬೆಜವಾಡ ವಿಲ್ಸನ್ 1966ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದವರು. ಅವರ ಮನೆಯವರು ಗಣಿ ಕಾಲೊನಿಗಳ ಒಣ ಪಾಯಖಾನೆಗಳಿಂದ ಮಲ ಎತ್ತುವ ಕೆಲಸದಲ್ಲಿದ್ದರು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಕರ್ನಾಟಕ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತ್ತು. ಆದರೂ ಚಿನ್ನದ ಊರಿನಲ್ಲಿ ಬಕೆಟ್ಟು, ಪೊರಕೆ ಹೋಗಿರಲಿಲ್ಲ. 1993ರಲ್ಲಿ ಸಂಸತ್ತೂ ನಿಷೇಧ ಕಾಯ್ದೆ ಮಾಡಿತು. ವಿಲ್ಸನ್ ಅದನ್ನು ಹಿಡಿದುಕೊಂಡು ಕಂಪನಿಯ ಅಧಿಕಾರಿಗಳಿಗೆ ಪತ್ರ ಬರೆದರು, ಪಾಯಖಾನೆಗಳ ಫೋಟೊಗಳನ್ನು ಪತ್ರಿಕೆಗಳಿಗೆ ತಲುಪಿಸಿದರು. ಒಣ ಪಾಯಖಾನೆಗಳು ಹೋಗಿ ನೀರಿನ ಶೌಚಾಲಯಗಳು ಬಂದವು.

ಕೆಜಿಎಫ್‌ನಲ್ಲಿ ಗೆದ್ದದ್ದು ದೇಶದ ಉಳಿದ ಊರುಗಳಿಗೆ ತಾನಾಗಿ ಹಬ್ಬಲಿಲ್ಲ. ವಿಲ್ಸನ್ ಮತ್ತು ಸಂಗಾತಿಗಳು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ‘ನಮ್ಮಲ್ಲಿ ಆ ಪದ್ಧತಿಯೇ ಇಲ್ಲ’ ಎಂದು ರಾಜ್ಯಗಳು ಪ್ರಮಾಣಪತ್ರ ಸಲ್ಲಿಸಿದವು. ಅದಕ್ಕೆ ಉತ್ತರವಾಗಿ ಕಾರ್ಯಕರ್ತರು ಊರೂರು ಅಲೆದು, ಕೇರಿಗಳಿಗೆ ಹೋಗಿ, ಫೋಟೊ ಮತ್ತು ವಿವರ ಕಲೆಹಾಕಿ ಕೋರ್ಟಿನ ಮುಂದಿಟ್ಟರು. ಪ್ರಕರಣ ನಡೆಯುತ್ತಿರುವಾಗಲೇ, 2010ರಲ್ಲಿ, ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮಲವನ್ನು ಮೈಗೆ ಸುರಿದುಕೊಂಡು ಪ್ರತಿಭಟಿಸಿದರು. 2011ರ ಜನಗಣತಿಯೇ ಮನುಷ್ಯರು ಮಲ ಎತ್ತುವ 7.94 ಲಕ್ಷ ಶೌಚಾಲಯಗಳನ್ನು ಲೆಕ್ಕ ಹಾಕಿತು. ಪ್ರಮಾಣಪತ್ರಗಳ ಸುಳ್ಳನ್ನು ಸರ್ಕಾರದ್ದೇ ಅಂಕಿ ಬಯಲು ಮಾಡಿತು.

2013ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ತೀರ್ಪಿತ್ತಿತು. 1993ರಿಂದೀಚೆಗೆ ಒಳಚರಂಡಿ, ಮಲದ ಗುಂಡಿಗಳನ್ನು ಶುಚಿ ಮಾಡುವಾಗ ಸತ್ತವರ ಕುಟುಂಬಗಳನ್ನೆಲ್ಲ ಗುರುತಿಸಿ ತಲಾ 10 ಲಕ್ಷ ರೂಪಾಯಿ ಕೊಡಬೇಕು ಎಂದಿತು. ಅರ್ಜಿ ಹಾಕಿ ಹತ್ತು ವರ್ಷ ದಾಟಿತ್ತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಎರಡೂ ಪ್ರಕರಣಗಳಲ್ಲಿ ಕೋರ್ಟಿನ ತನಕ ಹೋದದ್ದು ಸಂಘಟನೆ. ಒಂಟಿ ಮನುಷ್ಯ ವಕೀಲರ ಫೀಸು, ಬಸ್ ಚಾರ್ಜು, ತಪ್ಪಿದ ದಿನಗೂಲಿಯ ಲೆಕ್ಕದಲ್ಲೇ ಸೋಲುತ್ತಾನೆ. ಕೆಜಿಎಫ್‌ನಲ್ಲಿ ಇದರ ಜೊತೆ ಭಾಷೆಯ ತೊಡಕೂ ಇದೆ. ಅಲ್ಲಿ ಬಹಳ ಮನೆಗಳ ಮಾತು ತಮಿಳು, ಇನ್ನು ಕೆಲವರದು ತೆಲುಗು. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಕಲಾಪವೋ ಇಂಗ್ಲಿಷಿನಲ್ಲಿ. ತನ್ನ ಕೇಸಿನಲ್ಲಿ ಏನಾಯಿತೆಂದು ಕಕ್ಷಿದಾರ ಇನ್ನೊಬ್ಬರನ್ನು ಕೇಳಿಯೇ ತಿಳಿಯಬೇಕು.

ಒಂಟಿ ಮನುಷ್ಯನಿಗಾಗಿಯೇ ಮಾಡಿದ ಕಾನೂನೂ ಇದೆ. ಸಂವಿಧಾನಕ್ಕೆ 1976ರ ತಿದ್ದುಪಡಿಯಲ್ಲಿ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ಸರ್ಕಾರದ ಹೊಣೆ ಮಾಡಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅದನ್ನು ತಾಲ್ಲೂಕಿನವರೆಗೆ ತಂದಿತು. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರೆಲ್ಲ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ಈ ಪಟ್ಟಿಗೆ ಸೇರದ ಮನೆ ಹುಡುಕುವುದೇ ಕಷ್ಟ.

ಲೋಕ ಅದಾಲತ್‌ಗೆ ಕಾನೂನಿನ ಬಲ ಬಂದದ್ದೂ ಇದೇ ಕಾಯ್ದೆಯಿಂದ. ಅಲ್ಲಿ ರಾಜಿಯಾದರೆ ಕೋರ್ಟು ಶುಲ್ಕ ವಾಪಸು, ರಾಜಿಗೆ ಡಿಕ್ರಿಯ ಬಲ, ಮೇಲ್ಮನವಿಯ ಕಾಟವಿಲ್ಲ. ಅಪಘಾತ ಪರಿಹಾರ, ಬ್ಯಾಂಕ್ ಸಾಲ, ಚೆಕ್ ಬೌನ್ಸ್ ಕೇಸುಗಳಲ್ಲಿ ಇದು ಎಷ್ಟೋ ಜನರಿಗೆ ನೆರವಾಗಿದೆ. ಹಾಗೆಂದು ಎಲ್ಲಕ್ಕೂ ರಾಜಿಯೇ ಮದ್ದಾಗದು. ಮಲ ಹೊರಿಸಿದ್ದಕ್ಕೆ, ಜಾತಿ ಹಿಂಸೆಗೆ ರಾಜಿ ಸಲ್ಲದು. ಅಲ್ಲಿ ಬೇಕಾದದ್ದು ವಿಚಾರಣೆ, ವಿಚಾರಣೆಗೆ ಬೇಕಾದದ್ದು ನ್ಯಾಯಾಧೀಶರು. 10 ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಈಗಿರುವುದು ಅದರ ಅರ್ಧಕ್ಕೂ ಕಡಿಮೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಕೋರ್ಟುಗಳಲ್ಲಿ 4 ಕೋಟಿಗೂ ಮಿಕ್ಕಿ ಪ್ರಕರಣ ಬಾಕಿ ಇವೆ. 2023ರಲ್ಲಿ ಇ-ಕೋರ್ಟ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ 7,210 ಕೋಟಿ ರೂಪಾಯಿ ಒಪ್ಪಿತು. ಮೊಬೈಲಿನಲ್ಲೇ ಮುಂದಿನ ವಾಯಿದೆ ತಿಳಿಯುವುದರಿಂದ ದಿನಗೂಲಿಯವರಿಗೆ ಒಂದು ದಿನದ ಕೆಲಸ ಉಳಿಯಬಹುದು, ಅದು ಚಿಕ್ಕ ಮಾತಲ್ಲ. ಆದರೆ ವಾಯಿದೆಯ ಮೇಲೆ ವಾಯಿದೆ ಬೀಳುವುದು ಮೊಬೈಲಿನಿಂದ ನಿಲ್ಲುವುದಿಲ್ಲ, ಖಾಲಿ ಪೀಠಗಳು ತುಂಬಬೇಕು.

2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯವಾದರೆ ಕನಿಷ್ಠ 20 ಲಕ್ಷ. ಇದನ್ನು ಪಡೆಯಲು ಯಾವ ಕುಟುಂಬವೂ ದೆಹಲಿಗೆ ಹೋಗಬೇಕಿಲ್ಲ. ಜಿಲ್ಲಾಡಳಿತಕ್ಕೆ ಅರ್ಜಿ ಕೊಡಬಹುದು. ಅರ್ಜಿ ಬರೆಯಲು, ತಡವಾದರೆ ಹೈಕೋರ್ಟಿಗೆ ಹೋಗಲು ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಕೇಳಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ, ಸಹಾಯವಾಣಿಯ ಸಂಖ್ಯೆ 15100.